ಗಲ್ಲಿಯ ಕಛೇರಿ ಗೆಲ್ಲಬೇಕಾದರೆ: ಅಕ್ಕಿಪೇಟೆಯಿಂದ ಹದಿಮೂರು ಸೂತ್ರಗಳು

ಒಂದು ವರ್ಷ ಗಣೇಶನ ಹಬ್ಬಕ್ಕೆ ಬೆಂಗಳೂರಿನ ಅಕ್ಕಿಪೇಟೆಯ ನಮ್ಮ ಗಲ್ಲಿಯ ಹುಡುಗರೆಲ್ಲ ಸೇರಿ ಚಂದಾ ಎತ್ತಿ ಪೆಂಡಾಲು ಹಾಕಿದ್ದೆವು. ಸೀರಿಯಲ್ ಲೈಟಿಗೆ ದುಡ್ಡಿತ್ತು, ಹೂವಿಗೆ ದುಡ್ಡಿತ್ತು, ವೇದಿಕೆ ಹತ್ತಿದವರಿಗೆಲ್ಲ ಶಾಲು ಹೊದಿಸಲೂ ದುಡ್ಡಿತ್ತು. ರಾತ್ರಿ ಹನ್ನೊಂದು ದಾಟಿದ ಮೇಲೆ ನೋಡುತ್ತೇನೆ, ಸಂಜೆಯಿಂದ ನಾದಸ್ವರ ನುಡಿಸಿದ್ದ ಹಿರಿಯರು ಬಾಗಿಲು ಹಾಕಿದ ಅಂಗಡಿಯೊಂದರ ಮೆಟ್ಟಿಲ ಮೇಲೆ, ವಾದ್ಯದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. "ನಾಳೆ ಬನ್ನಿ, ಲೆಕ್ಕ ಮಾಡಿ ಕೊಡ್ತೀವಿ" ಎಂದು ನಮ್ಮವರೇ ಯಾರೋ ಹೇಳಿದ್ದರಂತೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ. "ಕೊನೇ ಬಸ್ಸು ಹೋಯ್ತು ಸ್ವಾಮಿ" ಎಂದರು, ಅಷ್ಟೇ.

ಆ ಮಾತು ಕೇಳಿ ಎಷ್ಟೋ ವರ್ಷವಾಯಿತು. ಅಂದಿನಿಂದ ಸಣ್ಣಪುಟ್ಟ ಕಛೇರಿಗಳ ಏರ್ಪಾಟಿನಲ್ಲಿ ಕೈಜೋಡಿಸುತ್ತ ಬಂದಿದ್ದೇನೆ. ಎಡವಿದ್ದೂ ಉಂಟು, ತಿದ್ದಿಕೊಂಡದ್ದೂ ಉಂಟು. ನಿಮ್ಮ ಬೀದಿಯಲ್ಲೂ ಒಂದು ಸಂಗೀತದ ದಿನ ನಡೆಸಬೇಕೆಂಬ ಆಸೆ ನಿಮಗಿದ್ದರೆ, ಇಲ್ಲಿರುವುದನ್ನು ಹಾಗೇ ಎತ್ತಿಕೊಳ್ಳಿ.

1. ಮೊದಲು ಸಂಭಾವನೆ ಎತ್ತಿಡಿ

ಚಂದಾ ಕೈಗೆ ಬಂದ ದಿನವೇ ಅದನ್ನು ಎರಡು ಪಾಲು ಮಾಡಿ. ಅರ್ಧ ಕಲಾವಿದರದ್ದು. ಉಳಿದರ್ಧದಲ್ಲಿ ಶಾಮಿಯಾನ, ಕುರ್ಚಿ, ಮೈಕು, ಪ್ರಸಾದ, ಬ್ಯಾನರು ಎಲ್ಲ ಮುಗಿಯಬೇಕು. ಸಾಲದಿದ್ದರೆ ಬ್ಯಾನರು ಬಿಡಿ, ಲೈಟು ಕಡಿಮೆ ಮಾಡಿ. ಕಲಾವಿದರ ಪಾಲಿಗೆ ಕೈಹಾಕಬೇಡಿ. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ. ಎಲ್ಲ ಖರ್ಚು ಮುಗಿದ ಮೇಲೆ ಉಳಿದದ್ದು ಹಾಡಿದವರಿಗೆ.

ಸಂಭಾವನೆಯನ್ನು ಒಟ್ಟಾಗಿ ಮುಖ್ಯ ಕಲಾವಿದರ ಕೈಗೆ ಕೊಟ್ಟು, ನೀವೇ ಹಂಚಿಕೊಳ್ಳಿ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಪಿಟೀಲಿನವರಿಗೆ ಒಂದು ಕವರು, ಮೃದಂಗದವರಿಗೆ ಒಂದು, ಖಂಜಿರ ಅಥವಾ ಮೋರ್ಸಿಂಗಿನವರಿಗೆ ಒಂದು, ತಂಬೂರಿ ಹಿಡಿದು ಕೂತ ಶಿಷ್ಯೆಗೂ ಒಂದು. ಕವರಿನ ಮೇಲೆ ಅವರವರ ಹೆಸರು, ತಪ್ಪಿಲ್ಲದ ಕನ್ನಡದಲ್ಲಿ. ಕಛೇರಿ ಶುರುವಾಗುವ ಮೊದಲೇ ಕವರು ಸಿದ್ಧವಿರಲಿ, ಮಂಗಳ ಹಾಡಿದ ಹತ್ತು ನಿಮಿಷದೊಳಗೆ ಕೈ ಸೇರಲಿ, ಊಟಕ್ಕೆ ಕರೆಯುವುದಕ್ಕಿಂತ ಮೊದಲು. ದುಡ್ಡು ಕೈಗೆ ಬಂದ ಮೇಲೆ ಉಣ್ಣುವ ಊಟವೇ ಬೇರೆ.

ಕಲಾವಿದರ ಕೈಗೆ ಹೋದ ದುಡ್ಡು ಸಂಗೀತಕ್ಕೇ ಮರಳುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಸಾಕ್ಷಿಗಳಿವೆ. ನಂಜನಗೂಡಿನ ಕಡೆ 1878ರಲ್ಲಿ ಹುಟ್ಟಿ, ನಮ್ಮ ಊರಿನ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡ ಬೆಂಗಳೂರು ನಾಗರತ್ನಮ್ಮ ಹಾಡಿ ಗಳಿಸಿದ್ದನ್ನು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಲು ಸುರಿದರು. ಹೆಂಗಸರು ಅಲ್ಲಿ ಹಾಡಕೂಡದು ಎಂದು ತಡೆದಿದ್ದ ಕಾಲದಲ್ಲಿ ಹೋರಾಡಿ ಹಾಡಿದರು. ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ರಾಮಮಂದಿರ ಕಟ್ಟಿದರು. ಎಷ್ಟೋ ತಲೆಮಾರು ಅಲ್ಲಿ ಕೂತು ಸಂಗೀತ ಕೇಳಿತು. ಇವರು ಯಾರೂ ಆಗರ್ಭ ಶ್ರೀಮಂತರಲ್ಲ. ಒಂದೊಂದು ಕಛೇರಿಯ ಸಂಭಾವನೆಯನ್ನೂ ಕೂಡಿಟ್ಟು ಕಟ್ಟಿದವರು. ನೀವು ಕೊಡುವ ಕವರು ಚಿಕ್ಕದಿರಬಹುದು. ಯಾರದೋ ಮನೆಯಲ್ಲಿ ಅದು ಹೊಸ ತಂತಿಯಾಗುತ್ತದೆ, ಮಗಳ ಪಾಠದ ಫೀಜಾಗುತ್ತದೆ.

2. ಬೀದಿಯ ಕಲಾವಿದರನ್ನು ಮೊದಲು ಹುಡುಕಿ

ದೂರದ ದೊಡ್ಡ ಹೆಸರನ್ನು ಕರೆಸಲು ಫೋನ್ ಹಿಡಿಯುವ ಮೊದಲು ಬಳೇಪೇಟೆಗೆ ಒಂದು ಸುತ್ತು ಹೋಗಿಬನ್ನಿ. ಅಕ್ಕಿಪೇಟೆಯಿಂದ ಎಷ್ಟು ಹೆಜ್ಜೆ? ಬಳೆಯ ಹೆಸರು ಹೊತ್ತ ಆ ಬೀದಿ ಈಗ ವಾದ್ಯಗಳ ಬೀದಿ. ವೀಣೆ, ತಬಲ, ಹಾರ್ಮೋನಿಯಂ, ಡೋಲು, ಶ್ರುತಿಪೆಟ್ಟಿಗೆ ಸಾಲಾಗಿ ತೂಗುಹಾಕಿರುತ್ತಾರೆ. ಅಂಗಡಿಯವರನ್ನು ಕೇಳಿ, "ಇಲ್ಲಿ ಹತ್ತಿರದಲ್ಲಿ ಚೆನ್ನಾಗಿ ನುಡಿಸೋರು ಯಾರಿದ್ದಾರೆ?" ಮೃದಂಗದ ಚರ್ಮದ ಮುಚ್ಚಿಗೆ ಬದಲಾಯಿಸಲು ಯಾರು ವರ್ಷಕ್ಕೆ ಎಷ್ಟು ಸಲ ಬರುತ್ತಾರೆ, ಯಾರ ಮೃದಂಗದ ಕಪ್ಪು ಕರಣೆ ಬೇಗ ಸವೆಯುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಕರಣೆ ಬೇಗ ಸವೆಯುತ್ತಿದ್ದರೆ ಆ ಮನುಷ್ಯ ದಿನವೂ ಕೂತು ಸಾಧನೆ ಮಾಡುತ್ತಿದ್ದಾನೆ ಎಂದೇ ಅರ್ಥ.

ಪೇಟೆಯ ಸಂಗೀತ ಒಂದೇ ಬಗೆಯದೂ ಅಲ್ಲ. ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಪೇಟೆಯ ಬೀದಿಗಳನ್ನು ಸುತ್ತುತ್ತ ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಬರುತ್ತದೆ. ಒಂದು ಬೀದಿಯಲ್ಲಿ ನಾದಸ್ವರ, ಇನ್ನೊಂದರಲ್ಲಿ ಕವ್ವಾಲಿ, ಮಗದೊಂದರಲ್ಲಿ ಮಾರ್ವಾಡಿಗಳ ಭಜನೆ, ಪಕ್ಕದ ಗಲ್ಲಿಯಲ್ಲಿ ಮದುವೆಯ ಬ್ಯಾಂಡ್‌ಸೆಟ್ಟು. ಕನ್ನಡ, ತೆಲುಗು, ತಮಿಳು, ಉರ್ದು, ಮರಾಠಿ, ಗುಜರಾತಿ ಎಲ್ಲ ಒಂದೇ ನಲ್ಲಿಯ ನೀರು ಕುಡಿದು ಬೆಳೆದ ಜಾಗ ಇದು. ನಿಮ್ಮ ಕಾರ್ಯಕ್ರಮದಲ್ಲಿ ಕರ್ನಾಟಕ ಸಂಗೀತದ ಜೊತೆಗೆ ಇವರಲ್ಲಿ ಒಬ್ಬರಿಗಾದರೂ ಜಾಗವಿರಲಿ. ಸ್ವಂತ ಮನೆಯವರು ಹಾಡುತ್ತಾರೆಂದರೆ ಬೀದಿಯೇ ಬಂದು ಕೂರುತ್ತದೆ.

3. ಭಾನುವಾರ ಬೆಳಗ್ಗೆ ಹಿಡಿಯಿರಿ

ವಾರದ ದಿನ ಅಕ್ಕಿಪೇಟೆ ಮುಖ್ಯರಸ್ತೆಯಲ್ಲಿ ಸಂಗೀತ ಇಟ್ಟುಕೊಂಡರೆ ಕೈಗಾಡಿಯವರ ಹೊಟ್ಟೆಗೆ ಹೊಡೆದಂತೆ. ಲಾರಿ ನಿಲ್ಲಬೇಕು, ಮೂಟೆ ಇಳಿಯಬೇಕು, ಹಮಾಲರಿಗೆ ದಾರಿ ಬೇಕು. ಆದರೆ ಬಹುತೇಕ ಸಗಟು ಅಂಗಡಿಗಳು ಬಾಗಿಲು ಹಾಕುವ ಭಾನುವಾರ ಇದೇ ಗಲ್ಲಿಗಳು ಖಾಲಿ ಅಂಗಳ. ಬೆಳಗ್ಗೆ ಏಳೂವರೆಗೆ ಶುರುಮಾಡಿ, ಒಂಬತ್ತೂವರೆಗೆ ಮುಗಿಸಿ. ಬಿಸಿಲು ಏರಿರುವುದಿಲ್ಲ, ಶಾಮಿಯಾನದ ಖರ್ಚೂ ಉಳಿಯುತ್ತದೆ.

ಇನ್ನೊಂದು ಲಾಭವಿದೆ, ಅದು ದೊಡ್ಡದು. ನಮ್ಮ ಸಭೆಗಳ ಕಛೇರಿಗಳು ಬಹುಪಾಲು ಸಂಜೆಯವು. ಬೌಳಿ, ಮಲಯಮಾರುತ, ಬಿಲಹರಿಯಂಥ ಬೆಳಗಿನ ರಾಗಗಳನ್ನು ಅವುಗಳ ಹೊತ್ತಿನಲ್ಲೇ ಕೇಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ತಣ್ಣನೆಯ ಗಲ್ಲಿಯಲ್ಲಿ, ಫಿಲ್ಟರ್ ಕಾಫಿಯ ಲೋಟ ಕೈಯಲ್ಲಿ ಹಿಡಿದು ಮಲಯಮಾರುತ ಕೇಳಿದವರು ಮುಂದಿನ ಸಲ ಮಕ್ಕಳನ್ನೂ ಎಬ್ಬಿಸಿಕೊಂಡು ಬರುತ್ತಾರೆ. ನಾನು ಕಂಡ ಮಾತು ಇದು.

ಬೇರೆ ಬಡಾವಣೆಯವರಿಗೆ ಬರಲು ದಾರಿಯೂ ಸುಲಭ. ಚಿಕ್ಕಪೇಟೆ ಮೆಟ್ರೋ ನಿಲ್ದಾಣ 2017ರಿಂದ ತೆರೆದಿದೆ. ಮಲ್ಲೇಶ್ವರದವರಿಗೂ ಬಸವನಗುಡಿಯವರಿಗೂ ಒಂದೇ ಹಸಿರು ಮಾರ್ಗ. ಭಾನುವಾರ ಮೊದಲ ರೈಲು ಎಷ್ಟು ಹೊತ್ತಿಗೆ ಎಂದು ನೋಡಿಕೊಂಡು ಸಮಯ ನಿಗದಿಮಾಡಿ, ನಿಲ್ದಾಣದಿಂದ ಬರುವ ದಾರಿಯನ್ನು ಆಹ್ವಾನದಲ್ಲಿ ಬರೆಯಿರಿ.

4. ಚಿಕ್ಕದಾಗಿ ಶುರುಮಾಡಿ, ನಿಲ್ಲಿಸಬೇಡಿ

ಚಾಮರಾಜಪೇಟೆಯಲ್ಲಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ರಾಮನವಮಿಯ ಉತ್ಸವ ಶುರುಮಾಡಿದಾಗ ಅವರಿನ್ನೂ ಹುಡುಗ. ಅದೇ ಶ್ರೀರಾಮಸೇವಾ ಮಂಡಳಿಯಾಗಿ ಬೆಳೆಯಿತು. ಮುಂದೆ ದಶಕಗಳ ಕಾಲ ಕೋಟೆ ಹೈಸ್ಕೂಲು ಮೈದಾನದ ಪೆಂಡಾಲಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದರು, ಯೇಸುದಾಸ್ ಹಾಡಿದರು. ಸಾವಿರಾರು ಜನ ಟಿಕೆಟ್ ಕೊಂಡು ಒಳಗೆ ಕೂತರೆ, ಕೊಳ್ಳಲಾಗದವರು ಹೊರಗೆ ರಸ್ತೆಯಲ್ಲೇ ನಿಂತು ಕೇಳಿದರು. ಬೇಸಿಗೆಯ ಆ ಸಂಜೆಗಳಲ್ಲಿ ಪಾನಕ ಕೋಸಂಬರಿಯ ಜೊತೆಗೆ ಸಂಗೀತವೂ ಸಿಗುತ್ತದೆ ಎಂಬುದು ಈ ಊರಿನ ಅಭ್ಯಾಸವೇ ಆಗಿಹೋಯಿತು. ಅಲ್ಲಿಂದಾಚೆಗೆ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ರಾಮೋತ್ಸವದ ಕಛೇರಿಗಳು ಹುಟ್ಟಿಕೊಂಡಿವೆ.

ಆ ಹುಡುಗನ ಹತ್ತಿರ ದೊಡ್ಡ ಬಂಡವಾಳ ಇದ್ದಿರಲಾರದು. ಅವರದ್ದು ಮುಂದಿನ ವರ್ಷವೂ ಮಾಡುವ ಹಟ. ಕೃಷ್ಣರಾಜೇಂದ್ರ ರಸ್ತೆಯ ಬೆಂಗಳೂರು ಗಾಯನ ಸಮಾಜ 1905ರಲ್ಲಿ ಹುಟ್ಟಿದ್ದು, ನೂರು ವರ್ಷ ಯಾವತ್ತೋ ದಾಟಿತು. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಿಂದಲೂ ಇದೆ. ಯಾರು ಬೇಕಾದರೂ ಹೋಗಿ ಕೂರಬಹುದಾದ ಸಂಜೆಗಳು ಅಲ್ಲಿ ನಡೆಯುತ್ತವೆ. ಒಂದೇ ಸಲ ಅದ್ದೂರಿಯಾಗಿ ಮಾಡಿ ಸಾಲ ಮೈಮೇಲೆ ಎಳೆದುಕೊಂಡು ಕೈಬಿಟ್ಟ ಉತ್ಸವಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಐವತ್ತು ಜಮಖಾನದ ಸೀಟು, ಒಬ್ಬ ಹಾಡುಗಾರ್ತಿ, ಇಬ್ಬರು ಪಕ್ಕವಾದ್ಯದವರು: ಮೊದಲ ವರ್ಷಕ್ಕೆ ಇದು ಧಾರಾಳ.

5. ದಿನ ತಾನಾಗಿ ನೆನಪಿರುವಂತಿರಲಿ

ಕಾರ್ತಿಕದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಕಡಲೆಕಾಯಿ ಪರಿಷೆ ಎಂದು ಯಾರೂ ಯಾರಿಗೂ ಹೇಳಬೇಕಿಲ್ಲ. ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರ ಗೆಳೆಯರ ಬಳಗದವರು 'ಹುಣ್ಣಿಮೆ ಹಾಡು' ಎಂದು ಹೆಸರಿಟ್ಟು ತಿಂಗಳ ಸಂಗೀತ ನಡೆಸಿದರು. ಹೆಸರಿನಲ್ಲೇ ತಾರೀಖು. ತಲೆ ಎತ್ತಿ ನೋಡಿದರೆ ಆಹ್ವಾನ ಪತ್ರಿಕೆ ಆಕಾಶದಲ್ಲಿರುತ್ತದೆ. ನೀವೂ ಹಾಗೆ ಮಾಡಿ: ತಿಂಗಳ ಮೊದಲ ಭಾನುವಾರ, ಇಲ್ಲವೇ ಕೊನೆಯದು. ಒಮ್ಮೆ ಹಿಡಿದ ದಿನವನ್ನು ಮುಖ್ಯ ಅತಿಥಿಯ ಅನುಕೂಲಕ್ಕಾಗಿ ಬದಲಾಯಿಸಬೇಡಿ.

6. ಅನುಮತಿ ಪತ್ರ ಜೇಬಿನಲ್ಲಿರಲಿ

ಧ್ವನಿವರ್ಧಕಕ್ಕೆ ನಿಮ್ಮ ಸರಹದ್ದಿನ ಪೊಲೀಸರಿಂದ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಿನಲ್ಲಿ ವಸತಿ ಪ್ರದೇಶಕ್ಕೆ 55 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 65 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅರ್ಜಿಯನ್ನು ಹದಿನೈದು ದಿನ ಮುಂಚೆ ಕೊಡಿ. ಸಹಿಯಾದ ಪ್ರತಿಯ ಎರಡು ಜೆರಾಕ್ಸ್ ಮಾಡಿಸಿ, ಒಂದು ವೇದಿಕೆಯ ಬಳಿ, ಒಂದು ನಿಮ್ಮ ಜೇಬಿನಲ್ಲಿ.

ಕಾಗದಕ್ಕಿಂತ ಮುಖ್ಯವಾದ ಅನುಮತಿ ಇನ್ನೊಂದಿದೆ. ಗಲ್ಲಿಯ ಎರಡೂ ಬದಿಯ ಮನೆಗಳ ಬಾಗಿಲು ತಟ್ಟಿ ಕೇಳಿ: ಪರೀಕ್ಷೆಗೆ ಓದುವ ಮಕ್ಕಳಿದ್ದಾರಾ, ಹುಷಾರಿಲ್ಲದೆ ಮಲಗಿದವರಿದ್ದಾರಾ? ಅಂಥ ಮನೆಯ ಕಡೆ ಸ್ಪೀಕರಿನ ಮುಖ ತಿರುಗಿಸಬೇಡಿ.

7. ಎಕೋ ಇಳಿಸಿ

ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಮೂರು ತಂತಿ ಸೇರಿಸಿ ಏಳು ತಂತಿ ಮಾಡಿದ್ದು ಗೊತ್ತಲ್ಲ? ಮೈಕು ಇಲ್ಲದ ಕಾಲ ಅದು. ದೊಡ್ಡ ಸಭೆಯ ಕೊನೆಯ ಸಾಲಿಗೂ ಪಿಟೀಲು ಕೇಳಬೇಕು ಎಂಬ ಕಾಳಜಿಯಿಂದ ಒಬ್ಬ ಕಲಾವಿದ ತನ್ನ ವಾದ್ಯವನ್ನೇ ಮಾರ್ಪಡಿಸಿಕೊಂಡರು. ಅವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ 1980ರಿಂದ ಮಲ್ಲೇಶ್ವರದ ಪಕ್ಕದಲ್ಲಿ ನಿಂತಿದೆ. ಅಷ್ಟು ಮುತುವರ್ಜಿಯಿಂದ ಬೆಳೆದ ನಾದವನ್ನು ನಾವು ಎರಡು ಆಳೆತ್ತರದ ಸ್ಪೀಕರುಗಳ ನಡುವೆ ಜಜ್ಜುತ್ತಿದ್ದೇವೆ.

ಗಲ್ಲಿಯಲ್ಲಿ ಎರಡು ದೊಡ್ಡ ಪೆಟ್ಟಿಗೆಗಿಂತ ಆರು ಚಿಕ್ಕ ಪೆಟ್ಟಿಗೆ ಒಳ್ಳೆಯದು. ಹತ್ತಿರ ಹತ್ತಿರ, ತಗ್ಗಿನ ದನಿಯಲ್ಲಿ. ಎಕೋ ಪೂರ್ತಿ ಇಳಿಸಲು ಮೈಕ್ ಸೆಟ್ಟಿನವರಿಗೆ ಮೊದಲೇ ಹೇಳಿ. ಸಿನಿಮಾ ಹಾಡಿಗೆ ಒಗ್ಗಿದ ಕೈ ತಾನಾಗಿ ಆ ಗುಂಡಿಯ ಕಡೆಗೇ ಹೋಗುತ್ತದೆ. ಬೇಸ್ ಜಾಸ್ತಿಯಾದರೆ ಅಂಗಡಿಗಳ ರೋಲಿಂಗ್ ಶಟರುಗಳು ಗಡಗಡ ಎನ್ನುತ್ತವೆ. ವೇದಿಕೆಯ ಹಿಂದಿನ ಶಟರಿಗೆ ದಪ್ಪ ಜಮಖಾನ ತೂಗುಬಿಡಿ, ಅರ್ಧ ತೊಂದರೆ ಕಳೆಯುತ್ತದೆ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳುವಂತೆ ಮುಂದೊಂದು ಮಾನಿಟರ್ ಇಡಿ. ಇದನ್ನು ಉಳಿಸಿದರೆ ಉಳಿಯುವುದು ಪುಡಿಗಾಸು, ಹಾಳಾಗುವುದು ಇಡೀ ಕಛೇರಿ. ಜನ ಬರುವ ಅರ್ಧ ಗಂಟೆ ಮೊದಲು ಪರೀಕ್ಷೆ ಮಾಡಿ ಮುಗಿಸಿ. ವಾದ್ಯದ ಎಡಮುಖಕ್ಕೆ ರವೆ ಹಚ್ಚಿ ಹದ ಮಾಡಿಕೊಳ್ಳಲೂ ಮೃದಂಗದವರಿಗೆ ಸಮಯ ಬೇಕು.

ನಾದಸ್ವರ, ಡೋಲು ಇದ್ದ ದಿನ ಮೈಕನ್ನೇ ತೆಗೆದಿಡಿ. ಅವು ಬೀದಿಗೆಂದೇ ಹುಟ್ಟಿದ ವಾದ್ಯಗಳು.

8. ಭಾಷಣ ಐದು ನಿಮಿಷ

ಸ್ವಾಗತ, ಕಲಾವಿದರ ಪರಿಚಯ, ವಂದನೆ ಎಲ್ಲ ಸೇರಿ. ದೀಪ ಬೆಳಗಿಸುವುದು, ಶಾಲು, ಪೇಟ, ಸ್ಮರಣಿಕೆ ಬೇಕೇ ಬೇಕೆಂದರೆ ಕಛೇರಿ ಮುಗಿದ ಮೇಲೆ ಇಟ್ಟುಕೊಳ್ಳಿ. ಶ್ರುತಿ ಸೇರಿಸಿ ಕೂತ ಕಲಾವಿದರನ್ನು ಮುಕ್ಕಾಲು ಗಂಟೆ ಕಾಯಿಸಿದರೆ ಶ್ರುತಿಯೂ ಇಳಿಯುತ್ತದೆ, ಉತ್ಸಾಹವೂ ಇಳಿಯುತ್ತದೆ. ಪರಿಚಯಿಸುವಾಗ ಪಕ್ಕವಾದ್ಯದವರ ಹೆಸರನ್ನು ಚೀಟಿ ನೋಡಿಕೊಂಡಾದರೂ ಸರಿಯಾಗಿ ಹೇಳಿ.

9. ಒಂದೂವರೆ ಗಂಟೆಯ ಕಛೇರಿ ಕೇಳಿ

ಇಂದು ನಾವು ಕೇಳುವ ಕಛೇರಿಯ ಕ್ರಮ, ಅಂದರೆ ವರ್ಣದಿಂದ ಶುರುವಾಗಿ ಹತ್ತಾರು ಕೃತಿಗಳು, ನಡುವೆ ಒಂದು ದೊಡ್ಡದು, ಕೊನೆಗೆ ಹಗುರವಾದವು, ರೂಪುಗೊಂಡದ್ದು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರ ಕೈಯಲ್ಲಿ. ಕೇಳುಗರ ಮನಸ್ಸು ಹಿಡಿಯುವುದಕ್ಕಾಗಿ ಅವರು ಆ ಕ್ರಮವನ್ನು ಒಪ್ಪವಾಗಿಸಿದರು. ಕೇಳುಗರನ್ನು ನೋಡಿ ಕ್ರಮ ಹೊಂದಿಸಿಕೊಳ್ಳುವುದು ಸಂಪ್ರದಾಯಕ್ಕೆ ದ್ರೋಹವಲ್ಲ ಎಂದಾಯಿತು. ಗಲ್ಲಿಯಲ್ಲಿ ಮೊದಲ ಸಲ ಕೇಳುವವರೇ ಹೆಚ್ಚು. ಎರಡನೆಯ ಹಾಡಿಗೇ ಒಂದು ದೇವರನಾಮ ಬರಲಿ ಎಂದು ವಿನಯದಿಂದ ಕೇಳಿಕೊಳ್ಳಿ. ಗೊತ್ತಿರುವ ಪದ ಕಿವಿಗೆ ಬಿದ್ದ ಕ್ಷಣ ಹೋಗುತ್ತಿದ್ದವರು ನಿಲ್ಲುತ್ತಾರೆ. ಆಮೇಲೆ ಕಲ್ಯಾಣಿಯನ್ನು ಅರ್ಧ ಗಂಟೆ ಹಾಡಿದರೂ ಕೂತು ಕೇಳುತ್ತಾರೆ. ರಾಗದ ಹೆಸರನ್ನು ಹಾಡುವವರೇ ಒಂದು ಮಾತಿನಲ್ಲಿ ಹೇಳಲಿ.

ಮೊದಲ ಹದಿನೈದು ನಿಮಿಷ ಬೀದಿಯ ಮಕ್ಕಳಿಗೆ ಕೊಡಿ. ಪಾಠ ಹೇಳಿಕೊಡುವ ಮೇಷ್ಟರನ್ನೂ ಟೀಚರಮ್ಮನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ.

10. ಆರ್ಕೆಸ್ಟ್ರಾದವರನ್ನು ಕೀಳಾಗಿ ಕಾಣಬೇಡಿ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಶಾಸ್ತ್ರೀಯ ಸಂಗೀತದ ಸಭೆಗಳಲ್ಲಿ ಬೆಳೆದ ನಮ್ಮಂಥವರಿಗೆ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಎಂದರೆ ಒಂದು ಬಗೆಯ ತಾತ್ಸಾರ ಇತ್ತು. ಅದು ತಪ್ಪು. ಭಾದ್ರಪದದ ಚೌತಿಯಿಂದ ನವೆಂಬರಿನ ರಾಜ್ಯೋತ್ಸವದ ಕೊನೆಯ ಪೆಂಡಾಲಿನವರೆಗೆ ನೂರಾರು ಕೀಬೋರ್ಡು, ರಿದಂ ಪ್ಯಾಡು, ಕೊಳಲು, ಗಿಟಾರಿನ ಮನೆಗಳಿಗೆ ವರ್ಷದ ಅಕ್ಕಿ ಬರುವುದು ಆ ಎರಡು ಮೂರು ತಿಂಗಳಲ್ಲಿ. ಒಂದೇ ರಾತ್ರಿ ರಾಜಣ್ಣನ ಹಾಡು, ಭಾವಗೀತೆ, ಹೊಸ ಸಿನಿಮಾದ ಹಾಡು, ಜನಪದ ಎಲ್ಲವನ್ನೂ ತಾಲೀಮಿಲ್ಲದೆ ನುಡಿಸುವುದು ಸಣ್ಣ ವಿದ್ಯೆಯಲ್ಲ.

ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಕವಿತೆಯನ್ನು ಪುಸ್ತಕದಿಂದ ಬೀದಿಗೆ ತಂದರು. 2005ರ ಏಪ್ರಿಲಿನಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥರು ನಡೆಸಿದ 'ಕನ್ನಡವೇ ಸತ್ಯ' ಸಂಜೆಗೆ ಸೇರಿದ ಜನಸಾಗರವನ್ನು ಕಂಡವರು ಇವತ್ತಿಗೂ ಮರೆತಿಲ್ಲ. ಹಾಡುತ್ತಿದ್ದದ್ದು ಕನ್ನಡ ಕವಿತೆ, ಕೇಳುತ್ತಿದ್ದದ್ದು ಸಾಮಾನ್ಯ ಜನ. ಎನ್.ಆರ್. ಕಾಲೊನಿಯ ಕಲಾಭವನಕ್ಕೆ ಅಶ್ವತ್ಥರ ಹೆಸರಿದೆ. ಅಲ್ಲಿನ ಸುಗಮ ಸಂಗೀತದ ಸಂಜೆಗಳಿಗೆ ಹೋಗಿ ಹೊಸ ದನಿಗಳನ್ನು ಗುರುತು ಮಾಡಿಟ್ಟುಕೊಳ್ಳಿ. ನಿಮ್ಮ ಮುಂದಿನ ಕಲಾವಿದೆ ಅಲ್ಲೇ ಸಿಗಬಹುದು.

11. ಕೋಣೆ, ನೀರು, ಬಾತ್‌ರೂಮು, ಆಟೋ

ಗಲ್ಲಿಯ ಕಾರ್ಯಕ್ರಮಗಳಲ್ಲಿ ಹೆಣ್ಣುಮಕ್ಕಳು ಹಾಡಲು ಹಿಂಜರಿಯುವುದಕ್ಕೆ ಕಾರಣ ಬಹುಪಾಲು ಇವು ಇಲ್ಲದಿರುವುದೇ. ಯಾವುದಾದರೂ ಒಂದು ಮನೆಯವರನ್ನು ಒಪ್ಪಿಸಿ, ಕನ್ನಡಿಯಿರುವ ಒಂದು ಕೋಣೆ, ಶುಚಿಯಾದ ಬಾತ್‌ರೂಮು ಬಿಡಿಸಿಕೊಳ್ಳಿ. ಕುಡಿಯಲು ಬಿಸಿನೀರಿನ ಫ್ಲಾಸ್ಕು. ವಾದ್ಯ ಹೊತ್ತು ಬಂದವರು ತಿರುಗಿ ಹೋಗಲು ಆಟೋ ಮೊದಲೇ ಗೊತ್ತುಮಾಡಿ, ಬಾಡಿಗೆ ನೀವೇ ಕೊಡಿ, ಸಂಭಾವನೆಯಿಂದ ಕಳೆಯಬೇಡಿ. ವೀಣೆಯವರಿದ್ದರೆ ಕಾರೇ ಬೇಕು.

12. ಕೇಳುಗರಾಗಿ ನಿಮ್ಮ ಪಾಲು

ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಎದ್ದುಹೋಗುವ ಚಾಳಿ ಬಿಡಿ. ಎರಡು ಗಂಟೆ ಇನ್ನೊಬ್ಬರ ಹಾಡಿಗೆ ಒದಗಿಬಂದ ಮೃದಂಗದವರಿಗೆ ತಮ್ಮದೆಂದು ಸಿಗುವ ಹೊತ್ತು ಅದೊಂದೇ. ತಾಳ ಗೊತ್ತಿಲ್ಲದಿದ್ದರೆ ಪಕ್ಕದವರ ಕೈ ನೋಡಿ ಹಾಕಿ. ಎರಡು ಕಛೇರಿ ಮುಗಿಯುವಷ್ಟರಲ್ಲಿ ಆದಿತಾಳ ಕೈಗೆ ಹತ್ತುತ್ತದೆ.

ವೇದಿಕೆಯ ಪಕ್ಕ ಕಲಾವಿದರದೇ ಯುಪಿಐ ಕ್ಯೂಆರ್ ಹಾಳೆ ನಿಲ್ಲಿಸಿ. ಸಂಘದ್ದಲ್ಲ, ಅವರದ್ದು. ತರಕಾರಿ ಗಾಡಿಗೂ ಸ್ಕ್ಯಾನ್ ಮಾಡುವ ಊರಿನಲ್ಲಿ ಹಾಡಿಗೆ ಇಪ್ಪತ್ತು ರೂಪಾಯಿ ಕಳಿಸಲು ಯಾರೂ ಸಂಕೋಚಪಡುವುದಿಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಮುನ್ನ ಕೇಳಿ. ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶನ ನೀಡಿದವರಿಗೂ ಹಕ್ಕಿದೆ, ಅದು 50 ವರ್ಷ ಇರುತ್ತದೆ. ಒಪ್ಪಿದರೆ, ಯೂಟ್ಯೂಬಿಗೆ ಹಾಕುವಾಗ ಪಕ್ಕವಾದ್ಯದವರ ಹೆಸರನ್ನೂ ಬರೆಯಿರಿ. ಹೊಸ ಹುಡುಗನೊಬ್ಬನಿಗೆ ಮುಂದಿನ ಅವಕಾಶ ಆ ಒಂದು ಸಾಲಿನಿಂದಲೇ ಸಿಕ್ಕಿದ್ದನ್ನು ನಾನು ನೋಡಿದ್ದೇನೆ.

ಮಕ್ಕಳಿಗೆ ಶ್ರುತಿಪೆಟ್ಟಿಗೆಯೋ ಕೊಳಲೋ ಕೊಡಿಸುವುದಿದ್ದರೆ ಬಳೇಪೇಟೆಗೆ ಕರೆದುಕೊಂಡು ಹೋಗಿ ಕೊಡಿಸಿ. ರಿಪೇರಿಯ ಕೈಗಳು ಉಳಿಯುವುದು ಮಾರಾಟ ಇದ್ದರೆ ಮಾತ್ರ. ಆ ಕೈಗಳು ಪೇಟೆ ಬಿಟ್ಟುಹೋದರೆ ಶನಿವಾರ ಹರಿದ ಮುಚ್ಚಿಗೆ ಭಾನುವಾರ ಬೆಳಗಿನ ಕಛೇರಿಗೆ ಸಿದ್ಧವಾಗುವುದಿಲ್ಲ.

13. ಕಲಾವಿದರನ್ನು ವರ್ಷಪೂರ್ತಿ ಲೆಕ್ಕದಲ್ಲಿಡಿ

ಅಮೆರಿಕದ ಆಸ್ಟಿನ್ ನಗರ ತನ್ನನ್ನು ಸಂಗೀತದ ಊರೆಂದು ಕರೆದುಕೊಳ್ಳುತ್ತದೆ. ಅಲ್ಲಿ 2005ರಿಂದ ಕಡಿಮೆ ಆದಾಯದ ಸಂಗೀತಗಾರರಿಗೆ ವೈದ್ಯಕೀಯ ನೆರವು ಕೊಡಿಸಲೆಂದೇ ಒಂದು ಸಂಸ್ಥೆ ಕೆಲಸ ಮಾಡುತ್ತಿದೆ. ಹಾಡು ಕೇಳಿದ ಊರು ಹಾಡಿದವರ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬ ತಿಳಿವಳಿಕೆ ಅದು. ನಮ್ಮಲ್ಲಿ 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ಆದರೆ ಅದಕ್ಕೆ ದಾಖಲೆ ಬೇಕು. ಜೀವಮಾನವೆಲ್ಲ ಓಲಗ ಊದಿದವರ ಹತ್ತಿರ ಹಳೆಯ ಆಹ್ವಾನ ಪತ್ರಿಕೆ, ಫೋಟೋ, ಪ್ರಮಾಣಪತ್ರ ಎಲ್ಲಿರುತ್ತದೆ? ಮದುವೆಮನೆಯಲ್ಲಿ ನುಡಿಸಿದ್ದಕ್ಕೆ ಯಾರು ರಸೀತಿ ಕೊಡುತ್ತಾರೆ?

ನೀವು ಕೊಡಿ. ಪ್ರತಿ ಕಛೇರಿಗೂ ನಿಮ್ಮ ಸಂಘದ ಲೆಟರ್‌ಹೆಡ್‌ನಲ್ಲಿ ಕಲಾವಿದರ ಹೆಸರು, ವಾದ್ಯ, ತಾರೀಖು ಬರೆದು ಸಹಿ ಮಾಡಿದ ಪತ್ರ, ಜೊತೆಗೊಂದು ಫೋಟೋ. ಬೀದಿಯಲ್ಲಿ ಕಂಪ್ಯೂಟರ್ ಬಲ್ಲ ಹುಡುಗಿಯೊಬ್ಬಳಿಗೆ ಅರ್ಜಿ ತುಂಬುವ ಕೆಲಸ ವಹಿಸಿ. ಅಂದು ಮೆಟ್ಟಿಲ ಮೇಲೆ ಕೂತಿದ್ದ ಹಿರಿಯರ ಮನೆಗೆ ಮರುದಿನ ಬೆಳಗ್ಗೆ ನಾನೇ ದುಡ್ಡು ತೆಗೆದುಕೊಂಡು ಹೋಗಿದ್ದೆ. ಗೋಡೆಯ ಮೇಲೆ ಒಂದೇ ಒಂದು ಫೋಟೋ ಇತ್ತು, ಯಾರದೋ ಮದುವೆಯದು. ಮೂಲೆಯಲ್ಲಿ ಅವರ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ನಲವತ್ತು ವರ್ಷದ ವಾದನಕ್ಕೆ ಅವರ ಬಳಿಯಿದ್ದ ದಾಖಲೆ ಅಷ್ಟೇ. ಅವರ ಮಗ ಈಗ ಹಗಲು ಆಟೋ ಓಡಿಸಿ, ಮುಹೂರ್ತದ ದಿನಗಳಲ್ಲಿ ಡೋಲು ನುಡಿಸುತ್ತಾರೆ. ನಮ್ಮ ಕಡತದಲ್ಲಿ ಅವರ ಹೆಸರಿನ ಪತ್ರಗಳು ತಾರೀಖಿನ ಸಮೇತ ಇವೆ.

ಕಛೇರಿ ಮುಗಿದ ಮೇಲೆ ಲೋಟ, ಎಲೆ, ಹೂವೆಲ್ಲ ನೀವೇ ಗುಡಿಸಿ ಚೀಲ ಕಟ್ಟಿಡಿ. ಸೋಮವಾರ ಬೆಳಗ್ಗೆ ಪೌರಕಾರ್ಮಿಕರ ತಲೆಗೆ ಹಾಕಬೇಡಿ. ಜಮಖಾನ ಮಡಚುವ ಮೊದಲು, ಜನ ಇನ್ನೂ ನಿಂತಿರುವಾಗಲೇ, ಗಲ್ಲಿಯ ಬಾಯಲ್ಲಿರುವ ಕರಿಹಲಗೆಯ ಮೇಲೆ ಮುಂದಿನ ತಿಂಗಳ ತಾರೀಖು, ಹಾಡುವವರ ಹೆಸರು, ಕೆಳಗೆ ಪಕ್ಕವಾದ್ಯದವರ ಹೆಸರು ಸೀಮೆಸುಣ್ಣದಲ್ಲಿ ಬರೆಯಿರಿ. ನಾಳೆ ಕೈಗಾಡಿ ತಳ್ಳಿಕೊಂಡು ಬರುವವರು ಅದನ್ನು ಓದಿಕೊಂಡೇ ಒಳಗೆ ಬರಲಿ.